ಭೀಮಾತೀರವೂ ಹತ್ತಿಯ ಹೊಸ ಪೇಟೆಯೂ (ಕ್ರಿ. ಶ. ೧೮೬೧–೧೮೮೪)

೧

‘ಉದಯೋನ್ಮುಖ ಮಾರುಕಟ್ಟೆ’ ಎಂಬ ಮಾತು ಇಂದಿನ ಅರ್ಥಶಾಸ್ತ್ರದ ಬರಹಗಳಲ್ಲಿ ಮೇಲಿಂದ ಮೇಲೆ ಬರುತ್ತಿರುವದು ವಿದ್ವಾಂಸರಿಗೆ ವಿದಿತವೇ ಇದೆ. ಈ ಹೆಸರು ಹಳೆಯದಲ್ಲ. ವಿಶ್ವಬ್ಯಾಂಕಿನ ಅಂಗಸಂಸ್ಥೆಯಾದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿದ್ದ ಆಂಟ್ವಾನ್ ವಾನ್ ಆಗ್ಟ್‌ಮೇಲ್ ಎಂಬವರು ೧೯೮೧ರಲ್ಲಿ ಇದನ್ನು ಬಳಕೆಗೆ ತಂದರು. ಆದರೆ ಹೆಸರು ಹೊಸದಾದ ಮಾತ್ರಕ್ಕೆ ವಸ್ತುವೂ ಹೊಸದಾಗಬೇಕೆಂಬ ನಿಯಮವಿಲ್ಲ. ದೂರದೇಶದ ಹಣವಂತರು ತಾವು ಕಾಣದ ನಾಡಿನ ಬೆಳೆಯನ್ನೂ ದಾರಿಯನ್ನೂ ನಂಬಿ ಬಂಡವಾಳ ಹೂಡುವದು, ಕೆಲಕಾಲ ಅಪಾರ ಲಾಭ ಪಡೆಯುವದು, ಬಳಿಕ ಒಮ್ಮೆಲೆ ಕೈ ಹಿಂತೆಗೆಯುವದು – ಇವೆಲ್ಲವನ್ನೂ ಕನ್ನಡ ನಾಡು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕಂಡಿತ್ತು. ಅಮೇರಿಕದ ಅಂತಃಕಲಹದ ಕಾಲದಲ್ಲಿ ಎದ್ದ ಹತ್ತಿಯ ಬೆಲೆಯ ಅಲೆಯೇ ಆ ಪ್ರಸಂಗವು.

ಈ ಪ್ರಸಂಗವನ್ನು ಮುಂಬಯಿಯ ಇತಿಹಾಸವೆಂದು ಅನೇಕರು ಬರೆದಿದ್ದಾರೆ. ಮ್ಯಾಂಚೆಸ್ಟರಿನ ಇತಿಹಾಸವೆಂದೂ ಬರೆದವರುಂಟು. ಹತ್ತಿಯು ಬೆಳೆದ ನೆಲದ ಕಡೆಯಿಂದ ಅದನ್ನು ನೋಡಿದವರು ವಿರಳ. ಆದುದರಿಂದ ಪ್ರಸ್ತುತ ಲೇಖನದಲ್ಲಿ ಭೀಮಾನದಿಯ ತೆಂಕಣ ಸೀಮೆಯನ್ನು, ಅಂದರೆ ಆಲಮೇಲದ ಸುತ್ತಣ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಯ ನಾಡನ್ನು, ನೋಡುವ ನೆಲೆಯಾಗಿ ಇಟ್ಟುಕೊಂಡು, ಈ ಹೊಸ ಪೇಟೆಯಲ್ಲಿ ಲಾಭದ ಅವಕಾಶವು ಯಾರಿಗೆ ಒದಗಿತು, ಗಂಡಾಂತರವು ಕಟ್ಟಕಡೆಗೆ ಯಾರ ಮೇಲೆ ನಿಂತಿತು ಎಂಬ ಎರಡು ಪ್ರಶ್ನೆಗಳನ್ನು ವಿಚಾರಿಸಲಾಗಿದೆ.

೨

ಮೊದಲು ನೆಲದ ಸ್ವರೂಪವನ್ನು ತಿಳಿಯತಕ್ಕದ್ದು. ಇಂಡಿ, ಸಿಂದಗಿಗಳಿಗೆ ಭೀಮೆಯೇ ಬಡಗಣ ಮೇರೆ. ಬಾಗೇವಾಡಿ, ಮುದ್ದೇಬಿಹಾಳಗಳನ್ನು ಹಾದು ಡೋಣಿ ನದಿಯು ತಾಳಿಕೋಟೆಯ ಕಡೆಗೆ ಹರಿದು ಕೃಷ್ಣೆಯನ್ನು ಕೂಡುತ್ತದೆ. ಭೂಮಿಯು ಬಹುಮಟ್ಟಿಗೆ ಕರಿಯ ಎರೆ. ಮಳೆ ಕಡಿಮೆ, ಬಂದರೂ ಹೊತ್ತಿಗೆ ಬರುವದೆಂಬ ಭರವಸೆಯಿಲ್ಲ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಈ ಸೀಮೆಯ ಗಾದೆಯಲ್ಲಿ ಹಿಗ್ಗಿನಷ್ಟೇ ಅಂಜಿಕೆಯೂ ಇದೆ. ‘ಬೆಳೆದರೆ’ ಎಂಬ ಮಾತಿನಲ್ಲಿಯೇ ಬೆಳೆಯದ ವರ್ಷಗಳ ನೆನಪು ಅಡಗಿದೆ. ಹಿಂಗಾರಿಯ ಬಿಳಿಜೋಳವು ಇಲ್ಲಿಯ ಮುಖ್ಯ ಬೆಳೆ. ಹತ್ತಿಯು ಕೃಷ್ಣೆಯ ಕಡೆಯ ತಾಲೂಕುಗಳಲ್ಲಿ ಹೆಚ್ಚಾಗಿಯೂ ಭೀಮೆಯ ಕಡೆಯಲ್ಲಿ ಕಡಿಮೆಯಾಗಿಯೂ ಬೆಳೆಯುತ್ತಿದ್ದಿತು. ಆಶ್ಲೇಷಾ, ಮಘೆಗಳ ಹೊತ್ತಿನಿಂದ ಬಿತ್ತಿದ ಹತ್ತಿಯು ಮಾಘ ಫಾಲ್ಗುಣಗಳಲ್ಲಿ ಬಿಡಿಸುವದಕ್ಕೆ ಬರುತ್ತದೆ. ಬಿತ್ತುವದಕ್ಕೂ ಮಾರುವದಕ್ಕೂ ನಡುವೆ ಅರ್ಧ ವರ್ಷದ ಅಂತರವಿರುವದರಿಂದ ಬಿತ್ತುವವನು ಬರಲಿರುವ ಬೆಲೆಯನ್ನು ಊಹಿಸಿಯೇ ಬಿತ್ತಬೇಕು. ಈ ಸಂಗತಿಯನ್ನು ಮುಂದಿನ ವಿಚಾರಕ್ಕಾಗಿ ಲಕ್ಷ್ಯದಲ್ಲಿಡಬೇಕು.

ದೂರದ ವ್ಯಾಪಾರವು ಈ ಪ್ರಾಂತಕ್ಕೆ ಹೊಸದೇನೂ ಆಗಿರಲಿಲ್ಲ. ಕೃಷ್ಣೆಯ ಆಚೆಗೆ ಮಲಪ್ರಭೆಯ ತೀರದಲ್ಲಿರುವ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆಯ ಐನೂರ್ವರು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಂಹಳ ದ್ವೀಪಕ್ಕೂ ಹಬ್ಬಿದ್ದರು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ದೊರೆತ ಕ್ರಿ. ಶ. ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರು ಬಂದಿದೆ. ಆ ಕಾಲದ ವರ್ತಕರಿಗೂ ಅಪರಿಚಿತ ನಾಡುಗಳೇ ಹೊಸ ಪೇಟೆಗಳಾಗಿದ್ದವು. ಆದರೆ ಅವರ ವ್ಯವಹಾರದ ರೀತಿಯಲ್ಲಿ ಒಂದು ವಿಶೇಷವಿದ್ದಿತು. ವರ್ತಕನು ಸರಕಿನ ಸಂಗಡವೇ ಸಾಗುತ್ತಿದ್ದನು. ಕಾವಲಿನ ಆಳುಗಳನ್ನು ಸಂಘವೇ ಇಟ್ಟುಕೊಳ್ಳುತ್ತಿದ್ದಿತು. ವೀರಬಣಂಜು ಧರ್ಮವೆಂಬ ಕಟ್ಟುಪಾಡು ಎಲ್ಲರಿಗೂ ಒಂದೇ ಆಗಿದ್ದಿತು. ನಿಂತ ಊರಿನ ದೇವಾಲಯಕ್ಕೆ ಹೇರಿಗೆ ಇಷ್ಟೆಂದು ಆಯ ಬಿಡುತ್ತಿದ್ದರು. ಹಾನಿಯಾದರೆ ಅದು ಮೊದಲು ತಟ್ಟುವದು ಹೇರಿನ ಒಡೆಯನಿಗೇ. ಹತ್ತೊಂಬತ್ತನೆಯ ಶತಮಾನದ ಬಂಡವಾಳವು ಬೇರೆಯ ಬಗೆಯದು. ಮುಂದಿನ ಸಂಗತಿಗಳಿಂದ ಆ ಭೇದವು ಸ್ಪಷ್ಟವಾಗುವದು.

೩

ಕರ್ನಾಟಕದ ಹತ್ತಿಯ ಮೇಲೆ ಇಂಗ್ಲಂಡದ ಕಣ್ಣು ಬಿದ್ದುದು ಅಮೇರಿಕದ ಯುದ್ಧಕ್ಕಿಂತ ಇಪ್ಪತ್ತು ವರ್ಷ ಮೊದಲೇ. ಈಸ್ಟ್ ಇಂಡಿಯಾ ಕಂಪನಿಯವರು ೧೮೪೦ರಲ್ಲಿ ಅಮೇರಿಕದಿಂದ ಕೆಲವರು ಹತ್ತಿಯ ಒಕ್ಕಲಿಗರನ್ನು ಕರೆತರಿಸಿದರು. ಅವರಲ್ಲಿ ಮರ್ಸರ್ ಎಂಬವನು ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಜಾತಿಯ ಹತ್ತಿಯನ್ನು ಬೆಳೆದು ನೋಡಿದನು. ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬವನು ಈ ಪ್ರಯತ್ನಕ್ಕೆ ಬೆಂಬಲವಾಗಿ ನಿಂತನು. ಬೇರೆಡೆಗಳಲ್ಲಿ ಈ ಬೀಜವು ನೆಲೆಗೊಳ್ಳದೆ ಹೋದರೂ ಧಾರವಾಡದ ಎರೆಯಲ್ಲಿ ಊರಿತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ–ಅಮೇರಿಕನ್’ ಎಂದು ಹೆಸರಾಯಿತು. ಒಕ್ಕಲಿಗರು ಅದನ್ನು ವಿಲಾಯತಿ ಹತ್ತಿ ಎಂದರು. ನಾಡಿನ ಜವಾರಿ ಹತ್ತಿಯು ಕುಮಟೆಯ ಬಂದರದಿಂದ ಹಡಗು ಏರುತ್ತಿದ್ದುದರಿಂದ ಮುಂಬಯಿಯ ದಲಾಲರ ಬಾಯಲ್ಲಿ ‘ಕುಂಪ್ಟಾ’ ಎನಿಸಿತು.

ವಿಲಾಯತಿ ಹತ್ತಿಯ ಕಾಳಿಗೆ ಅರಳೆಯು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಕಲ್ಲಿನ ಮಣೆಯ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಅರಳೆ ಬಿಡಿಸುವ ನಾಡಿನ ಪದ್ಧತಿಯು ಅದಕ್ಕೆ ಸಾಲದು. ಗರಗಸದ ಹಲ್ಲುಗಳುಳ್ಳ ಜಿನ್ನಿನ ಯಂತ್ರ ಬೇಕು. ಸರಕಾರವು ಧಾರವಾಡದಲ್ಲಿ ಜಿನ್ನುಗಳನ್ನು ಕಟ್ಟುವ ಹಾಗೂ ದುರಸ್ತಿ ಮಾಡುವ ಕಾರ್ಖಾನೆಯನ್ನು ನಡೆಯಿಸಿತು. ಹೀಗೆ ಹೊಸ ಬೀಜದ ಹಿಂದೆ ಹೊಸ ಯಂತ್ರವೂ, ಯಂತ್ರದ ಹಿಂದೆ ಹೊಸ ಬಂಡವಾಳವೂ ನಾಡಿಗೆ ಬಂದವು.

ಭೀಮಾತೀರಕ್ಕೆ ಹೊಸ ಪೇಟೆಯ ಬಾಗಿಲು ತೆರೆದುದು ಬಡಗಣ ದಿಕ್ಕಿನಿಂದ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ೧೮೬೦ರಲ್ಲಿ ಸೋಲಾಪುರವನ್ನು ಮುಟ್ಟಿತು. ಅಲ್ಲಿಂದ ಮುಂದೆ ಆಲಮೇಲ, ಇಂಡಿಗಳ ಒಕ್ಕಲಿಗನು ಚಕ್ಕಡಿಯಲ್ಲಿ ಹೇರಿಕೊಂಡು ಹೊಳೆ ದಾಟಿದರೆ ಸಾಕು, ಅವನ ಸರಕು ಮುಂಬಯಿಯ ಬಂದರಕ್ಕೆ, ಮುಂಬಯಿಯಿಂದ ಲಿವರ್‌ಪೂಲಿಗೆ ಹೊಂದಿಕೊಂಡಂತೆ ಆಯಿತು. ಮರುವರ್ಷವೇ, ಅಂದರೆ ೧೮೬೧ರ ಏಪ್ರಿಲ್ ತಿಂಗಳಲ್ಲಿ, ಅಮೇರಿಕದಲ್ಲಿ ಯುದ್ಧವು ಆರಂಭವಾಯಿತು.

೪

ಆ ಯುದ್ಧಕ್ಕೂ ಕನ್ನಡ ನಾಡಿಗೂ ಏನು ಸಂಬಂಧವೆಂದು ಕೇಳಬಹುದು. ಇಂಗ್ಲಂಡದ ಲ್ಯಾಂಕಶೈರ್ ಪ್ರಾಂತದ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಅಮೇರಿಕದ ದಕ್ಷಿಣ ಸಂಸ್ಥಾನಗಳಿಂದ ಬರುತ್ತಿದ್ದಿತು. ಉತ್ತರದವರು ದಕ್ಷಿಣದ ಬಂದರಗಳಿಗೆ ದಿಗ್ಬಂಧನ ಹಾಕಿದೊಡನೆ ಆ ಪೂರೈಕೆ ನಿಂತಿತು. ಗಿರಣಿಗಳು ಮುಚ್ಚಿದವು; ೧೮೬೨ರ ಕೊನೆಗೆ ಲ್ಯಾಂಕಶೈರಿನಲ್ಲಿ ಸುಮಾರು ಐದು ಲಕ್ಷ ಜನರು ಧರ್ಮಾರ್ಥ ಸಹಾಯದಿಂದ ಬದುಕಬೇಕಾಯಿತು. ಯುದ್ಧಕ್ಕೆ ಮೊದಲು ಪೌಂಡಿಗೆ ಏಳೆಂಟು ಪೆನ್ಸ್ ಇದ್ದ ಅಮೇರಿಕದ ಮಧ್ಯಮ ತರದ ಹತ್ತಿಯ ಬೆಲೆಯು ೧೮೬೪ರಲ್ಲಿ ಲಿವರ್‌ಪೂಲಿನಲ್ಲಿ ಮೂವತ್ತು ಪೆನ್ಸಿನ ಸಮೀಪಕ್ಕೆ ಏರಿತು. ಇಂಗ್ಲಂಡಕ್ಕೆ ಬರುವ ಹತ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಿಂದುಸ್ಥಾನದ್ದಾಯಿತು.

ಇಂಥ ಕಾಲದಲ್ಲಿ ಮ್ಯಾಂಚೆಸ್ಟರಿನ ವರ್ತಕರು ಸುಮ್ಮನಿರುವದು ಶಕ್ಯವಿರಲಿಲ್ಲ. ಮುಂಬರುವ ಕಷ್ಟವನ್ನು ಊಹಿಸಿ ಅವರು ೧೮೬೦ರಲ್ಲಿಯೇ ಮ್ಯಾಂಚೆಸ್ಟರ್ ಹತ್ತಿ ಕಂಪನಿಯೆಂಬ ಕೂಡುಬಂಡವಾಳದ ಸಂಸ್ಥೆಯನ್ನು ಸ್ಥಾಪಿಸಿದ್ದರು. ಹತ್ತಿ ಪೂರೈಕೆಯ ಸಂಘದ ಕಾರ್ಯದರ್ಶಿಯಾಗಿದ್ದ ಹೇವುಡ್ ಎಂಬವನು ಹಿಂದುಸ್ಥಾನಕ್ಕೆ ಬಂದು ಧಾರವಾಡ ಪ್ರಾಂತವನ್ನು ಸುತ್ತಿ ನೋಡಿದನು. ಒಕ್ಕಲುತನಕ್ಕೆ ಕೈ ಹಾಕದೆ, ಹತ್ತಿಯನ್ನು ಒಕ್ಕಲಿಗರಿಂದ ನೇರವಾಗಿ ಕೊಂಡು, ಅರಳೆ ಬಿಡಿಸಿ, ಅಂಡಿಗೆ ಕಟ್ಟಿ ಹಡಗಿಗೆ ಏರಿಸುವದು ಕಂಪನಿಯ ಯೋಜನೆ. ಇದಕ್ಕೆ ಕಾಳಿ ನದಿಯ ಮುಖದಲ್ಲಿರುವ ಸದಾಶಿವಗಡ–ಕಾರವಾರಗಳ ಬಂದರವನ್ನು ಆರಿಸಿದರು. ಎಣಿಕೆಯು ಕಾಗದದ ಮೇಲೆ ಸರಿಯಾಗಿಯೇ ಇದ್ದಿತು: ಧಾರವಾಡದಿಂದ ಕಾರವಾರ ಸಮೀಪ, ಬಂದರವು ಆಳವುಳ್ಳದ್ದು, ಮುಂಬಯಿಯ ದಲಾಲರನ್ನು ಬಿಟ್ಟುಕೊಟ್ಟು ವ್ಯಾಪಾರ ಮಾಡಬಹುದು.

ಆದರೆ ಎರೆಯ ನಾಡಿಗೂ ಕಡಲಿಗೂ ನಡುವೆ ಸಹ್ಯಾದ್ರಿಯು ನಿಂತಿದೆ. ಕೈಗಾ ಘಟ್ಟದ ದಾರಿಯನ್ನು ಚಕ್ಕಡಿಗಳು ಸಾಗುವಂತೆ ಮಾಡಿಕೊಡುವದಾಗಿಯೂ ಬಂದರದಲ್ಲಿ ಸರಕು ಇಳಿಸುವ ಅನುಕೂಲಗಳನ್ನು ಕಲ್ಪಿಸುವದಾಗಿಯೂ ಸರಕಾರವು ಭರವಸೆ ಕೊಟ್ಟಿದೆಯೆಂದು ಕಂಪನಿಯವರು ನಂಬಿದ್ದರು. ಉತ್ತರ ಕನ್ನಡವು ೧೮೬೨ರ ವರೆಗೆ ಮದ್ರಾಸು ಇಲಾಖೆಯಲ್ಲಿಯೂ ಧಾರವಾಡವು ಮುಂಬಯಿ ಇಲಾಖೆಯಲ್ಲಿಯೂ ಇದ್ದುದರಿಂದ ಒಂದೇ ದಾರಿಯ ಕೆಲಸವು ಎರಡು ಸರಕಾರಗಳ ನಡುವೆ ಹಂಚಿ ನಿಂತಿತು. ಆ ವರ್ಷ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಅದೇ ವರ್ಷ ಕಂಪನಿಯ ಯಂತ್ರಗಳು ಕಾರವಾರಕ್ಕೆ ಬಂದಾಗ ದಾರಿಯೂ ಮುಗಿದಿರಲಿಲ್ಲ, ಇಳಿಸುವ ಕಟ್ಟೆಯೂ ಸಿದ್ಧವಾಗಿರಲಿಲ್ಲ. ಮ್ಯಾಂಚೆಸ್ಟರಿನವರು ಭಾರತಮಂತ್ರಿಯಾಗಿದ್ದ ಸರ್ ಚಾರ್ಲ್ಸ್ ವುಡ್ಡನ ಮೇಲೆ ದೂರು ಹೊರಿಸಿದರು. ತಾವು ಹಣ ಹಾಕದೆ ಎಲ್ಲವನ್ನೂ ಸರಕಾರದಿಂದಲೇ ಬಯಸುತ್ತಾರೆಂದು ಅವನ ಕಡೆಯವರು ಮರುನುಡಿದರು. ವಾದವು ಬೆಳೆಯಿತು, ಹತ್ತಿ ಮಾತ್ರ ಹಳೆಯ ದಾರಿಗಳಿಂದಲೇ ಸಾಗಿತು. ಕಂಪನಿಯು ಬಹುಕಾಲ ಬಾಳಲಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಲೋಕದಲ್ಲಿ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದ ಕಾಲದಲ್ಲಿಯೇ ಈ ಹತ್ತಿ ಕಂಪನಿಯು ಮುಳುಗಿತು. ಸರಕಿಗೆ ಬೇಡಿಕೆಯಿದ್ದುದು, ಬೆಲೆಯಿದ್ದುದು, ಬಂಡವಾಳವಿದ್ದುದು – ಇವು ಮೂರೂ ಕೂಡಿ ಒಂದು ಘಟ್ಟದ ದಾರಿಗೆ ಸಮನಾಗಲಿಲ್ಲ. ಹೊಸ ಪೇಟೆಯಲ್ಲಿ ಹಣ ಹೂಡುವವನು ಸರಕಿನ ಬೆಲೆಯನ್ನು ಮಾತ್ರ ಎಣಿಸಿದರೆ ಸಾಲದು. ದಾರಿ, ಸೇತುವೆ, ಬಂದರ, ಆಡಳಿತದ ಎಲ್ಲೆಗಳು, ಸರಕಾರದ ಮಾತಿನ ತೂಕ ಇವೆಲ್ಲವೂ ಬೆಲೆಯ ಅಂಗಗಳೇ ಆಗಿವೆ. ಮ್ಯಾಂಚೆಸ್ಟರಿನ ವರ್ತಕರು ಲಿವರ್‌ಪೂಲಿನ ದರಪಟ್ಟಿಯನ್ನು ಬಲ್ಲಷ್ಟು ಕೈಗಾ ಘಟ್ಟವನ್ನು ಬಲ್ಲವರಾಗಿರಲಿಲ್ಲ.

೫

ಕಾರವಾರದಲ್ಲಿ ಬಂಡವಾಳವು ನೆಲದ ತೊಡಕಿನಿಂದ ಕೆಟ್ಟಿತು. ಮುಂಬಯಿಯಲ್ಲಿ ಅದು ನೆಲವನ್ನೇ ಬಿಟ್ಟು ಮೇಲೆದ್ದುದರಿಂದ ಕೆಟ್ಟಿತು. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ಹತ್ತಿಯಿಂದ ಹಿಂದಿನ ನ್ಯಾಯವಾದ ಬೆಲೆಯ ಮೇಲೆ ಬಂದ ಹೆಚ್ಚಳವು ಸುಮಾರು ಎಂಟು ಕೋಟಿ ಪೌಂಡುಗಳೆಂದು ಅಂದಿನವರು ಎಣಿಸಿದ್ದಾರೆ. ಇಷ್ಟು ಹಣವು ಕೆಲವೇ ಕೈಗಳಲ್ಲಿ ಕೂಡಿದಾಗ ಅದಕ್ಕೆ ಹೂಡಿಕೆಯ ಎಡೆ ಬೇಕಾಯಿತು. ಕೂಡುಬಂಡವಾಳದ ಕಂಪನಿಗಳಲ್ಲಿ ಪಾಲುಗಾರನ ಹೊಣೆಯು ಅವನ ಪಾಲಿನಷ್ಟಕ್ಕೆ ಮಾತ್ರವೆಂದು ೧೮೫೭ರ ಕಾಯಿದೆಯಿಂದಲೂ, ಬ್ಯಾಂಕುಗಳಿಗೂ ಅದೇ ನಿಯಮವೆಂದು ೧೮೬೦ರ ಕಾಯಿದೆಯಿಂದಲೂ ನಿಶ್ಚಯವಾಗಿದ್ದಿತು. ೧೮೬೪ರ ಕೊನೆಗೆ ಮುಂಬಯಿಯಲ್ಲಿ ೩೧ ಬ್ಯಾಂಕುಗಳು, ೧೬ ಹಣಕಾಸಿನ ಸಂಘಗಳು, ೮ ನೆಲದ ಕಂಪನಿಗಳು, ೧೬ ಹತ್ತಿ ಒತ್ತುವ ಕಂಪನಿಗಳು, ೧೦ ಹಡಗಿನ ಕಂಪನಿಗಳು, ೨೦ ವಿಮೆಯ ಕಂಪನಿಗಳು ಇದ್ದುವೆಂದು ಲೆಕ್ಕ ದೊರೆಯುತ್ತದೆ.

ಇವುಗಳಲ್ಲಿ ಹೆಸರಾದುದು ಬ್ಯಾಕ್ ಬೇ ಕಡಲನ್ನು ಹೂಳಿ ನೆಲ ಮಾಡಲು ಹೊರಟ ಕಂಪನಿ. ೫,೦೦೦ ರೂಪಾಯಿ ತುಂಬಿದ ಅದರ ಒಂದು ಪಾಲು ೫೦,೦೦೦ ರೂಪಾಯಿಯ ಸುಮಾರಿಗೆ ಮಾರಿತು. ನೀರು ಇನ್ನೂ ನೀರಾಗಿಯೇ ಇದ್ದಿತು. ಅದು ನೆಲವಾದಾಗ ಬರಬಹುದಾದ ಬೆಲೆಯ ಮೇಲೆ ಈ ಮಾರಾಟ ನಡೆಯಿತು. ಈ ವ್ಯವಹಾರಗಳ ನಾಯಕನು ಪ್ರೇಮಚಂದ ರಾಯಚಂದ (೧೮೩೧–೧೯೦೬). ೧೮೪೦ರಲ್ಲಿ ಸ್ಥಾಪಿತವಾಗಿ, ಸರಕಾರವೂ ಪಾಲುಗಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆಯ ಮೇಲೆ ಅವನ ಪ್ರಭಾವವು ಬಲವಾಗಿದ್ದಿತು. ೧೮೬೩ರ ಹೊಸ ಕಾಯಿದೆಯು ಆ ಬ್ಯಾಂಕಿನ ಮೇಲಿದ್ದ ಹಳೆಯ ಕಟ್ಟುಗಳನ್ನು ಸಡಿಲಿಸಿದ್ದರಿಂದ ಪಾಲುಪತ್ರಗಳ ಆಧಾರದ ಮೇಲೆ ಧಾರಾಳವಾಗಿ ಸಾಲ ಹೊರಟಿತು. ಸಾಲದಿಂದ ಪಾಲಿನ ಬೆಲೆ ಏರಿತು; ಏರಿದ ಪಾಲಿನ ಮೇಲೆ ಮತ್ತೆ ಸಾಲ ದೊರೆಯಿತು.

೧೮೬೫ರ ಏಪ್ರಿಲ್ ೯ರಂದು ದಕ್ಷಿಣದವರ ಸೇನಾಪತಿಯಾದ ಲೀ ಶರಣಾಗತನಾದನು. ಸುದ್ದಿಯು ಮುಂಬಯಿಯನ್ನು ಮುಟ್ಟಿದೊಡನೆ ಹತ್ತಿಯ ಬೆಲೆಯೂ ಪಾಲುಗಳ ಬೆಲೆಯೂ ಇಳಿಯತೊಡಗಿದವು. ಜುಲೈ ೧ರಂದು ವಾಯಿದೆಯ ವ್ಯವಹಾರಗಳೆಲ್ಲ ತೀರಬೇಕಾಗಿದ್ದಿತು. ಕೊಡಬೇಕಾದವರಲ್ಲಿ ಕೊಡುವದಕ್ಕೆ ಹಣವಿರಲಿಲ್ಲ. ಒಬ್ಬನು ಬಿದ್ದರೆ ಅವನಿಂದ ಬರಬೇಕಾದವನೂ ಬಿದ್ದನು. ೧೮೬೬ರಲ್ಲಿ ಪ್ರೇಮಚಂದನೂ ದಿವಾಳಿಯಾದನು. ಬ್ಯಾಂಕ್ ಆಫ್ ಬಾಂಬೆಯನ್ನು ಮುಚ್ಚಿ ೧೮೬೮ರಲ್ಲಿ ಅದೇ ಹೆಸರಿನ ಹೊಸ ಬ್ಯಾಂಕನ್ನು ಕಟ್ಟಬೇಕಾಯಿತು. ಹಳೆಯದರ ಪತನಕ್ಕೆ ಕಾರಣಗಳನ್ನು ಶೋಧಿಸಲು ಸರ್ ಚಾರ್ಲ್ಸ್ ಜಾಕ್ಸನ್ನನ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯು ಕುಳಿತಿತು.

ಈ ಪತನದಿಂದ ಮುಂಬಯಿಯ ಅನೇಕ ಮನೆತನಗಳು ಹಾಳಾದುದು ನಿಜ. ಆದರೂ ನಗರವು ಬಹುಬೇಗನೆ ಚೇತರಿಸಿಕೊಂಡಿತೆಂಬುದೂ ನಿಜ. ಪ್ರೇಮಚಂದನು ೧೮೬೪ರಲ್ಲಿ ಕೊಟ್ಟಿದ್ದ ದಾನದಿಂದ ವಿಶ್ವವಿದ್ಯಾಲಯದ ಗ್ರಂಥಾಲಯವೂ ೧೮೭೮ರಲ್ಲಿ ಮುಗಿದ ರಾಜಾಬಾಯಿ ಗೋಪುರವೂ ಎದ್ದು ನಿಂತವು. ತಂದೆಯ ವ್ಯಾಪಾರವು ಇದೇ ಬಿರುಗಾಳಿಗೆ ಸಿಕ್ಕಿ ತತ್ತರಿಸಿದುದನ್ನು ಕಂಡಿದ್ದ ಜಮಸೇಟಜಿ ಟಾಟಾ ಅವರು ೧೮೭೭ರಲ್ಲಿ ನಾಗಪುರದಲ್ಲಿ ಗಿರಣಿಯನ್ನು ತೆರೆದರು. ಬಂಡವಾಳಕ್ಕೆ ಕಾಲುಗಳಿವೆ, ಒಂದೆಡೆ ಎಡವಿದರೆ ಮತ್ತೊಂದೆಡೆಗೆ ನಡೆಯಬಲ್ಲದು.

೬

ಈಗ ಭೀಮೆಯ ತೀರಕ್ಕೆ ಬರಬೇಕು. ಇಲ್ಲಿಯ ಒಕ್ಕಲಿಗನನ್ನು ಹೂಡಿಕೆದಾರನೆಂದು ಯಾರೂ ಕರೆಯಲಿಲ್ಲ. ಆದರೆ ವಿಚಾರಿಸಿ ನೋಡಿದರೆ ಅವನು ಮಾಡಿದುದೂ ಹೂಡಿಕೆಯೇ. ಅವನು ಹೂಡಿದುದು ಪಾಲಿನ ಹಣವನ್ನಲ್ಲ. ಹೊಲವನ್ನು, ಎತ್ತುಗಳನ್ನು, ಮನೆಮಂದಿಯ ದುಡಿಮೆಯನ್ನು, ತನ್ನ ಸಾಲದ ನಂಬಿಕೆಯನ್ನು. ಅವನ ಹೊಣೆಗೆ ಪಾಲುಗಾರನ ಹೊಣೆಯಂತೆ ಮಿತಿಯಿರಲಿಲ್ಲ.

ಏರಿಕೆಯ ವರ್ಷಗಳಲ್ಲಿ ಲಾಭದ ಒಂದು ಅಂಶವು ಹಳ್ಳಿಗೂ ಬಂದಿತು. ಮುಂಬಯಿ ಇಲಾಖೆಯ ಹತ್ತಿಯ ನಾಡುಗಳಲ್ಲಿ ರೈತರು ಬಂಡಿಯ ಗಾಲಿಗೆ ಬೆಳ್ಳಿಯ ಹಳಿ ಹಾಕಿಸಿದರೆಂಬ ಮಾತು ಅಂದಿನ ಬರಹಗಳಲ್ಲಿ ಬರುತ್ತದೆ. ಅದನ್ನು ಅಕ್ಷರಶಃ ನಂಬಬೇಕಾಗಿಲ್ಲವಾದರೂ ಹಳ್ಳಿಗಳಲ್ಲಿ ಬೆಳ್ಳಿ ಓಡಾಡಿದುದು ಸಟೆಯಲ್ಲ. ಹತ್ತಿ ಬೆಳೆಯುವ ತಾಲೂಕುಗಳಲ್ಲಿ ಬೆಲೆಯು ಅದರಿಂದ ಏರಿದರೆ, ಜೋಳ ಬೆಳೆಯುವ ತಾಲೂಕುಗಳಲ್ಲಿ ಧಾನ್ಯದ ಬೆಲೆಯೂ ಕೂಲಿಯೂ ಅದನ್ನು ಅನುಸರಿಸಿ ಏರಿದವು. ಆದರೆ ಏರಿದ ಬೆಲೆಯೊಡನೆ ಮೂರು ತೊಡಕುಗಳು ಹೆಣೆದುಕೊಂಡು ಬಂದವು.

ಮೊದಲನೆಯದು ಸರಕಿನ ಗುಣದ್ದು. ಏನು ತಂದರೂ ಕೊಳ್ಳುವವರಿದ್ದಾಗ ಒಳ್ಳೆಯದನ್ನು ತರುವ ಕಾರಣವು ಇಲ್ಲದಾಗುತ್ತದೆ. ಅರಳೆಯಲ್ಲಿ ಕಾಳು, ಮಣ್ಣು, ನೀರು ಸೇರಿದವು. ವಿಲಾಯತಿಯಲ್ಲಿ ಜವಾರಿ ಬೆರೆಯಿತು. ಸರಕಾರವು ೧೮೬೩ರಲ್ಲಿ ಹತ್ತಿಯ ಮೋಸಗಳ ಕಾಯಿದೆಯನ್ನು ಮಾಡಿ ತಪಾಸಣೆಯ ಅಧಿಕಾರಿಗಳನ್ನು ನೇಮಿಸಿತು. ಬೆರಕೆಯನ್ನು ಬಹುಶಃ ದಲಾಲರೂ ಅಡತಿಯವರೂ ನಡುವಣ ಕೈಗಳಲ್ಲಿ ಮಾಡುತ್ತಿದ್ದರು; ಕೆಟ್ಟ ಹೆಸರು ಮಾತ್ರ ನಾಡಿನ ಹತ್ತಿಗೆ ಅಂಟಿತು. ಅಮೇರಿಕದ ಹತ್ತಿಯು ತಿರುಗಿ ಬಂದಾಗ ಲ್ಯಾಂಕಶೈರಿನ ಗಿರಣಿಗಳು ಹಿಂದುಸ್ಥಾನದ ಹತ್ತಿಯನ್ನು ಸುಲಭವಾಗಿ ಕೈಬಿಡುವದಕ್ಕೆ ಇದೂ ಒಂದು ಕಾರಣವಾಯಿತು.

ಎರಡನೆಯದು ಸಾಲದ್ದು. ಬೆಲೆಯು ಏರಿದಂತೆ ಹೊಲದ ಬೆಲೆಯೂ ಏರಿತು. ಹೊಲದ ಬೆಲೆ ಏರಿದಂತೆ ಸಾವಕಾರನು ಕೊಡುವ ಸಾಲವೂ ಬೆಳೆಯಿತು. ಮುಂಬಯಿಯಲ್ಲಿ ಪಾಲುಪತ್ರಗಳ ಮೇಲೆ ನಡೆದುದೇ ಹಳ್ಳಿಯಲ್ಲಿ ಹೊಲಗಳ ಮೇಲೆ ನಡೆಯಿತು. ಅಂತರವಿಷ್ಟೆ: ಪಾಲುಗಳ ಬೆಲೆಯು ವಾರಗಳಲ್ಲಿ ಕುಸಿಯಿತು, ಹತ್ತಿಯ ಬೆಲೆಯು ೧೮೬೫ರ ಬಳಿಕ ಇಳಿದರೂ ಯುದ್ಧಕ್ಕೆ ಮೊದಲಿದ್ದ ಮಟ್ಟಕ್ಕೆ ಒಮ್ಮೆಲೆ ಬೀಳದೆ ಕೆಲವು ವರ್ಷ ಏಳುತ್ತ ಬೀಳುತ್ತ ಇಳಿಯಿತು. ಆದುದರಿಂದ ಹಳ್ಳಿಯ ಹಾನಿಗೆ ಜುಲೈ ಒಂದನೆಯ ತಾರೀಖಿನಂಥ ಒಂದು ದಿನವಿಲ್ಲ. ತಾರೀಖಿಲ್ಲದ ಹಾನಿಯು ಇತಿಹಾಸಕಾರರ ಕಣ್ಣಿಗೆ ಬೇಗ ಬೀಳುವದಿಲ್ಲ.

ಮೂರನೆಯದು ಕಂದಾಯದ್ದು. ಮುಂಬಯಿ ಇಲಾಖೆಯ ಮೋಜಣಿಯ ಪದ್ಧತಿಯಲ್ಲಿ ಕಂದಾಯದ ದರವು ಮೂವತ್ತು ವರ್ಷಗಳಿಗೆ ಸ್ಥಿರ. ಮೊದಲನೆಯ ಅವಧಿಯು ಮುಗಿಯುವ ಕಾಲವೂ ಬೆಲೆಗಳು ಏರಿದ ಕಾಲವೂ ದಖ್ಖಣದಲ್ಲಿ ಒಂದಾಗಿ ಬಂದವು. ಭೀಮೆಯ ಮೇಲಣ ಹರಿವಿನಲ್ಲಿರುವ ಪುಣೆ ಜಿಲ್ಲೆಯ ಇಂದಾಪುರದಲ್ಲಿ ೧೮೬೭ರ ಸುಮಾರಿಗೆ ಪುನರ್ವಿಮರ್ಶೆ ಆರಂಭವಾಗಿ, ಏರಿದ ಬೆಲೆಗಳ ಆಧಾರದ ಮೇಲೆ ಹೊಸ ದರಗಳು ಕಟ್ಟಲ್ಪಟ್ಟವು. ಬೆಲೆಯು ಇಳಿಯಿತು, ದರವು ನಿಂತಿತು. ಕೂಗೆದ್ದ ಮೇಲೆ ಮುಂಬಯಿ ಸರಕಾರವು ೧೮೭೪ರಲ್ಲಿ ಏರಿಕೆಗೆ ಮಿತಿ ಹಾಕಿತು: ತಾಲೂಕಿನ ಒಟ್ಟಿನ ಮೇಲೆ ನೂರಕ್ಕೆ ೩೩, ಒಂದು ಹಳ್ಳಿಗೆ ೬೬, ಒಂದು ಹಿಡುವಳಿಗೆ ೧೦೦ – ಇದಕ್ಕೆ ಮೀರಿ ಏರಿಸಕೂಡದು. ಮಿತಿಯೇ ಇಷ್ಟಿದ್ದ ಮೇಲೆ ಮಿತಿಯಿಲ್ಲದ ಏರಿಕೆಯು ಎಂಥದಿದ್ದಿತೆಂಬುದನ್ನು ಊಹಿಸಬಹುದು.

ಹೀಗೆ ಕೆಲವೇ ವರ್ಷ ನಿಂತ ಒಂದು ಬೆಲೆಯನ್ನು ಸಾವಕಾರನೂ ಸರಕಾರವೂ ಶಾಶ್ವತವೆಂದು ಬಗೆದು ತಮ್ಮ ಲೆಕ್ಕಗಳನ್ನು ಕಟ್ಟಿದರು. ಬೆಲೆಯು ಹೋದ ಮೇಲೆ ಲೆಕ್ಕಗಳು ಉಳಿದವು.

೭

೧೮೭೫ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವಕಾರರ ಅಂಗಡಿಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ದಂಗೆಯು ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಹಬ್ಬಿತು. ಕನ್ನಡ ಸೀಮೆಯನ್ನು ಮುಟ್ಟಲಿಲ್ಲ. ಇದರ ಕಾರಣಗಳನ್ನು ವಿಚಾರಿಸಿದ ಸಮಿತಿಯು ಹತ್ತಿಯ ಬೆಲೆಯ ಏರಿಳಿತವನ್ನೂ ಒಂದು ಕಾರಣವಾಗಿ ಎಣಿಸಿತು. ನೀಲ್ ಚಾರ್ಲ್ಸ್‌ವರ್ತ್ ಎಂಬ ಇತಿಹಾಸಕಾರರು ೧೯೭೨ರಲ್ಲಿ ಈ ದಂಗೆಯ ಮಹತ್ವವನ್ನು ಮಿಗಿಲಾಗಿ ಹೇಳಲಾಗಿದೆಯೆಂದು ವಾದಿಸಿದರು. ದಂಗೆಯೆದ್ದ ಹಳ್ಳಿಗಳು ಹತ್ತಿಯ ಮುಖ್ಯ ಸೀಮೆಯಲ್ಲಿ ಇರಲಿಲ್ಲವೆಂಬ ಸಂಗತಿಯನ್ನು ಅಲ್ಲಗಳೆಯುವಂತಿಲ್ಲ. ಆದುದರಿಂದ ಹತ್ತಿಯೊಂದೇ ದಂಗೆಯನ್ನು ಎಬ್ಬಿಸಿತೆಂದು ಹೇಳುವದು ಸರಿಯಲ್ಲ. ಆದರೆ ಹತ್ತಿಯ ಬೆಲೆಯು ಧಾನ್ಯದ ಬೆಲೆಯನ್ನೂ, ಹೊಲದ ಬೆಲೆಯನ್ನೂ, ಕಂದಾಯದ ದರವನ್ನೂ ತನ್ನೊಡನೆ ಎಳೆದೊಯ್ದಿತೆಂಬುದನ್ನು ಒಪ್ಪಿದರೆ, ಹತ್ತಿ ಬೆಳೆಯದ ಹಳ್ಳಿಗೂ ಅದರ ಸೋಂಕು ಹೇಗೆ ತಗಲಿತೆಂಬುದು ತಿಳಿಯುತ್ತದೆ.

ದಂಗೆಯ ಫಲವಾಗಿ ೧೮೭೯ರಲ್ಲಿ ದಖ್ಖಣದ ಒಕ್ಕಲಿಗರ ಪರಿಹಾರದ ಕಾಯಿದೆಯು ಬಂದಿತು. ಸಾಲದ ಮೊಕದ್ದಮೆಗಳಲ್ಲಿ ನ್ಯಾಯಾಧೀಶನು ಪತ್ರದ ಹಿಂದಿನ ನಿಜವಾದ ಲೆಕ್ಕವನ್ನು ಬಿಚ್ಚಿ ನೋಡಬೇಕೆಂಬುದು ಅದರ ಮುಖ್ಯ ತತ್ವ. ಇದು ಮೊದಲಿಗೆ ಪುಣೆ, ಸಾತಾರಾ, ಸೋಲಾಪುರ, ಅಹಮದನಗರ ಎಂಬ ನಾಲ್ಕು ಜಿಲ್ಲೆಗಳಿಗೆ ಮಾತ್ರ ಅನ್ವಯಿಸಿತು. ಸೋಲಾಪುರ, ಬೆಳಗಾವಿ ಜಿಲ್ಲೆಗಳ ಭಾಗ ಕೂಡಿಸಿ ೧೮೬೪ರಲ್ಲಿ ರಚಿಸಿದ ಕಲಾದಗಿ ಜಿಲ್ಲೆಯಲ್ಲಿ ಇಂಡಿ, ಸಿಂದಗಿಗಳು ಸೇರಿದ್ದವು. ಆದುದರಿಂದ ಭೀಮೆಯ ಬಡಗಣ ದಡದ ಸೋಲಾಪುರದ ಒಕ್ಕಲಿಗನಿಗೆ ದೊರೆತ ರಕ್ಷಣೆಯು ಅದೇ ಎರೆಯಲ್ಲಿ ಅದೇ ಜೋಳ ಬೆಳೆದು ಅದೇ ಪೇಟೆಯಲ್ಲಿ ಮಾರುವ ತೆಂಕಣ ದಡದವನಿಗೆ ಆಗ ದೊರೆಯಲಿಲ್ಲ. ಪೇಟೆಯು ಹೊಳೆಯನ್ನು ದಾಟಿ ಬಂದಿತ್ತು; ಕಾಯಿದೆಯು ದಾಟಲಿಲ್ಲ.

ಕಾಯಿದೆಗಿಂತ ಮೊದಲೇ ಅತಿ ದೊಡ್ಡ ಪೆಟ್ಟು ಬಿದ್ದಿತ್ತು. ೧೮೭೬ರಲ್ಲಿ ಮಳೆಗಳು ಕೈಕೊಟ್ಟವು. ೧೮೭೮ರ ವರೆಗೂ ಮುಂದುವರಿದ ಆ ಕ್ಷಾಮದಲ್ಲಿ ಮುಂಬಯಿ ಇಲಾಖೆಯ ಜಿಲ್ಲೆಗಳೊಳಗೆ ಅತ್ಯಂತ ಹಾನಿಗೊಳಗಾದವುಗಳಲ್ಲಿ ಕಲಾದಗಿಯು ಒಂದು. ೧೮೭೨ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆಯು ಸುಮಾರು ೮ ಲಕ್ಷ ೧೬ ಸಾವಿರ. ೧೮೮೧ರಲ್ಲಿ ಸುಮಾರು ೬ ಲಕ್ಷ ೩೮ ಸಾವಿರ. ಒಂಬತ್ತು ವರ್ಷಗಳಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನರು ಲೆಕ್ಕದಿಂದ ಕಾಣೆಯಾದರು. ಕೆಲವರು ಸತ್ತರು, ಕೆಲವರು ನಾಡು ಬಿಟ್ಟರು. ರೈಲು ದಾರಿಯು ೧೮೭೧ರಲ್ಲಿಯೇ ಸೋಲಾಪುರದಿಂದ ರಾಯಚೂರಿಗೆ ಮುಟ್ಟಿತ್ತಾದರೂ ಅದು ಜಿಲ್ಲೆಯ ಮೇರೆಯ ಹೊರಗೆ ಹಾದುಹೋಗಿತ್ತು. ನಿಲ್ದಾಣದಿಂದ ಒಳನಾಡಿಗೆ ಧಾನ್ಯವು ಚಕ್ಕಡಿಯಲ್ಲಿ ಬರಬೇಕು. ಚಕ್ಕಡಿ ಎಳೆಯುವ ಎತ್ತುಗಳು ಮೇವಿಲ್ಲದೆ ಮೊದಲು ಸತ್ತಿದ್ದವು. ಹತ್ತಿಯು ಹೊರಗೆ ಹೋಗುವಾಗ ಚಕ್ಕಡಿಯ ದಾರಿಯು ಸಾಕೆನಿಸಿತ್ತು. ಜೋಳವು ಒಳಗೆ ಬರಬೇಕಾದಾಗ ಅದು ಸಾಲಲಿಲ್ಲ.

ಈ ಕ್ಷಾಮಕ್ಕೆ ಹತ್ತಿಯ ವ್ಯಾಪಾರವೇ ಕಾರಣವೆಂಬ ನಿರ್ಣಯಕ್ಕೆ ಆಧಾರವಿಲ್ಲ. ಮಳೆಯಿಲ್ಲದುದೇ ಮೂಲ ಕಾರಣ. ಆದರೆ ಕ್ಷಾಮವನ್ನು ತಾಳಿಕೊಳ್ಳುವ ಶಕ್ತಿಯು ಹಗೇವಿನಲ್ಲಿಯ ಕಾಳು, ಕೈಯಲ್ಲಿಯ ಬೆಳ್ಳಿ, ಸಾಲ ಹುಟ್ಟುವ ನಂಬಿಕೆ ಈ ಮೂರನ್ನು ಅವಲಂಬಿಸಿರುತ್ತದೆ. ಹತ್ತು ವರ್ಷಗಳ ಇಳಿಮುಖ ಬೆಲೆ, ಏರಿದ ಸಾಲ, ದಖ್ಖಣದಲ್ಲಿ ಏರುತ್ತಿದ್ದ ಕಂದಾಯ – ಇವು ಆ ಶಕ್ತಿಯನ್ನು ಮೊದಲೇ ಕುಗ್ಗಿಸಿದ್ದವೆಂಬುದನ್ನು ಗಮನಕ್ಕೆ ತೆಗೆದುಕೊಳ್ಳಲೇಬೇಕು.

೮

ಕ್ಷಾಮದ ಪಾಠವನ್ನು ಕಲಿತ ಮೇಲೆ ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗವು ೧೮೮೪ರಲ್ಲಿ ತೆರೆಯಿತು. ಇಂಡಿ ರೋಡ್, ವಿಜಾಪುರ, ಬಾಗಲಕೋಟೆಗಳು ಆ ದಾರಿಯ ಮೇಲಿವೆ. ಜಿಲ್ಲೆಯ ಕಚೇರಿಯೂ ಅದೇ ಸುಮಾರಿಗೆ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು. ೧೮೭೦ರ ದಶಕದಲ್ಲಿ ಸೋಲಾಪುರದಲ್ಲಿಯೂ, ೧೮೮೭ರಲ್ಲಿ ಗೋಕಾಕ ಜಲಪಾತದ ಬಳಿಯಲ್ಲಿಯೂ ಗಿರಣಿಗಳು ನಡೆಯತೊಡಗಿ, ನಾಡಿನ ಹತ್ತಿಯು ನಾಡಿನ ಸಮೀಪದಲ್ಲಿಯೇ ನೂಲಾಗುವದಕ್ಕೆ ಮೊದಲಾಯಿತು. ಈ ಹೂಡಿಕೆಗಳ ಲಾಭವು ಯುದ್ಧದ ಕಾಲದ ಲಾಭದಂತೆ ಹತ್ತುಪಟ್ಟಿನದಾಗಿರಲಿಲ್ಲ. ಆದರೆ ಬೆಲೆ ಇಳಿದಾಗ ಅವು ಊರು ಬಿಟ್ಟು ಹೋಗುವಂಥವೂ ಆಗಿರಲಿಲ್ಲ.

ಮೇಲಣ ವಿಚಾರದಿಂದ ಹೊರಡುವ ನಿರ್ಣಯಗಳನ್ನು ಹೀಗೆ ಸಂಗ್ರಹಿಸಬಹುದು. ಹೊಸ ಪೇಟೆಯ ಅವಕಾಶವು ಸುಳ್ಳಲ್ಲ. ವಿಲಾಯತಿ ಬೀಜವೂ, ಜಿನ್ನೂ, ರೈಲೂ, ಬಂದರವೂ ಆ ಅವಕಾಶದ ಬೆನ್ನು ಹತ್ತಿಯೇ ನಾಡಿಗೆ ಬಂದವು. ಅದರ ಗಂಡಾಂತರವೂ ಸುಳ್ಳಲ್ಲ. ಆದರೆ ಅವಕಾಶ ಗಂಡಾಂತರಗಳೆರಡೂ ಒಬ್ಬನೇ ವ್ಯಕ್ತಿಯ ತಕ್ಕಡಿಯಲ್ಲಿ ತೂಗುತ್ತವೆಂಬ ಎಣಿಕೆಯು ತಪ್ಪು. ಅಯ್ಯಾವೊಳೆಯ ವರ್ತಕನಲ್ಲಿ ಅವೆರಡೂ ಕೂಡಿದ್ದವು. ೧೮೬೦ರ ದಶಕದಲ್ಲಿ ಅವು ಬೇರೆಬೇರೆಯಾದವು: ಹೊಣೆಗೆ ಮಿತಿಯಿದ್ದವನು ಮಿತಿಯಿಲ್ಲದ ಲಾಭವನ್ನು ಬಯಸಿದನು, ಹೊಣೆಗೆ ಮಿತಿಯಿಲ್ಲದವನಿಗೆ ಲಾಭದ ಸಣ್ಣ ಅಂಶವು ದೊರೆಯಿತು. ಹೊರಟು ಹೋಗಬಲ್ಲವನ ಗಂಡಾಂತರವು ಹೋಗಲಾರದವನ ಹೊಲದ ಮೇಲೆ ಬಂದು ನಿಂತಿತು. ಆದಕಾರಣ ಯಾವುದೇ ಹೊಸ ಪೇಟೆಯ ಹೂಡಿಕೆಯನ್ನು ತೂಗುವಾಗ ಎಷ್ಟು ಬಂದಿತೆಂಬುದರೊಡನೆ, ಹೂಡಿದವರು ಹೋದ ಮೇಲೆ ಅಲ್ಲಿ ಏನು ಉಳಿಯಿತೆಂಬುದನ್ನೂ ಕೇಳಬೇಕು.

ಈ ಇತಿಹಾಸದ ಮುಂಬಯಿಯ ಭಾಗವು ವಿಚಾರಣಾ ಸಮಿತಿಗಳ ವರದಿಗಳಲ್ಲಿಯೂ, ಮ್ಯಾಂಚೆಸ್ಟರಿನ ಭಾಗವು ಅಲ್ಲಿಯ ಸಂಘಗಳ ದಫ್ತರಗಳಲ್ಲಿಯೂ ಭದ್ರವಾಗಿದೆ. ಹಳ್ಳಿಯ ಭಾಗವು ಇರತಕ್ಕದ್ದು ಸಾಲಪತ್ರಗಳಲ್ಲಿ, ಅಡತಿ ಅಂಗಡಿಗಳ ಕೀರ್ದಿ ಖಾತೆಗಳಲ್ಲಿ, ಮೋಡಿ ಲಿಪಿಯ ಕಾಗದಗಳಲ್ಲಿ, ಕ್ಷಾಮವನ್ನು ಕುರಿತು ಹಿರಿಯರಿಂದ ಹರಿದುಬಂದ ಮಾತುಗಳಲ್ಲಿ. ಈಗ ಪ್ರತ್ಯೇಕ ತಾಲೂಕಿನ ಹೆಸರು ಹೊತ್ತಿರುವ ಆಲಮೇಲದಲ್ಲಿಯೂ ಅದರ ನೆರೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಲ್ಲಿಯೂ ಹಳೆಯ ಮನೆತನಗಳ ಪೆಟ್ಟಿಗೆಗಳನ್ನು ಶೋಧಿಸಿ, ಇಂಥ ಕಾಗದಗಳನ್ನು ನಕಲು ಮಾಡಿ, ಓದಿ, ಪ್ರಕಟಿಸುವ ಕಾರ್ಯವನ್ನು ಅಲ್ಲಿಯ ಶಾಲೆ ಕಾಲೇಜುಗಳ ಅಧ್ಯಾಪಕರು ಕೈಕೊಂಡರೆ ಕನ್ನಡ ನಾಡಿನ ಆರ್ಥಿಕ ಇತಿಹಾಸಕ್ಕೆ ಅದು ದೊಡ್ಡ ಉಪಕಾರವಾಗುವದು. ಶಿಲಾಶಾಸನಗಳಿಗೆ ಸಲ್ಲುತ್ತಿರುವ ಆದರವು ಸಾಲದ ಪತ್ರಗಳಿಗೂ ಸಲ್ಲುವ ಕಾಲವು ಬಂದಿದೆ.